ಪರದೆಯಾಗುವ ಗೋಡೆ: ಬಣ್ಣದ ಕೆಲಸದ ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ



ಸಾಧಾರಣ ಬೆಲೆಯ ಪ್ರೊಜೆಕ್ಟರುಗಳು ಮನೆಗಳಿಗೆ ಬಂದ ಮೇಲೆ, ಹಜಾರದ ಒಂದು ಗೋಡೆಯನ್ನೇ ಸಿನಿಮಾ ಪರದೆಯಾಗುವಂತೆ ಸಿದ್ಧಪಡಿಸಿ ಕೊಡಬೇಕೆಂಬ ಬೇಡಿಕೆ ಬಣ್ಣದ ಮೇಸ್ತ್ರಿಗಳ ಮುಂದೆ ಬರತೊಡಗಿದೆ. ಹಾಗೆ ಕೇಳುವ ಮನೆಯವರ ಮೊದಲ ಪ್ರಶ್ನೆ ಯಾವ ಬಣ್ಣ ಒಳ್ಳೆಯದು ಎಂಬುದೇ ಆಗಿರುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ನೆಚ್ಚಿಕೊಂಡು ದುಬಾರಿ ಬಣ್ಣ ತರುವವರೂ ಇದ್ದಾರೆ, ಗೋಡೆ ಹೇಗೂ ಬೆಳ್ಳಗಿದೆಯಲ್ಲ ಎಂದು ಇದ್ದುದರ ಮೇಲೆ ಇನ್ನೊಂದು ಕೋಟು ಹೊಡೆಸುವವರೂ ಇದ್ದಾರೆ. ಈ ಪತ್ರ ಹೇಳಬಯಸುವುದು ಇಷ್ಟು: ಗೋಡೆಯೊಂದು ಪರದೆಯಾಗುವುದು ಬಣ್ಣದ ಡಬ್ಬಿ ತೆರೆಯುವುದಕ್ಕೆ ಮೊದಲೇ, ಕರಣೆ, ಪುಟ್ಟಿ ಮತ್ತು ಎಮರಿ ಪೇಪರ್ ಹಿಡಿದ ಕೈಗಳಲ್ಲಿ, ಆದ್ದರಿಂದ ಆ ಕೆಲಸದ ಅಳತೆ, ಸಮಯ ಮತ್ತು ಕೂಲಿಯನ್ನು ನಿರ್ಧರಿಸುವ ಮಾತನ್ನು ಮೇಸ್ತ್ರಿಗಳೇ ಆಡಬೇಕು.

ಸಾಮಾನ್ಯ ಗೋಡೆಗೂ ಪರದೆಯಾಗುವ ಗೋಡೆಗೂ ಇರುವ ವ್ಯತ್ಯಾಸ ಬೆಳಕು ಬೀಳುವ ರೀತಿಯಲ್ಲಿದೆ. ಹಗಲಿನಲ್ಲಿ ಕಿಟಕಿಯಿಂದಲೂ ಬಾಗಿಲಿನಿಂದಲೂ ಬರುವ ಬೆಳಕು ಚಾವಣಿ ಮತ್ತು ನೆಲಗಳಿಗೆ ಬಡಿದು ಎಲ್ಲ ದಿಕ್ಕುಗಳಿಂದ ಗೋಡೆಯನ್ನು ಮುಟ್ಟುವುದರಿಂದ ಸಣ್ಣ ಉಬ್ಬುತಗ್ಗುಗಳ ನೆರಳು ಅಳಿಸಿಹೋಗುತ್ತದೆ, ಹಾಗಾಗಿ ಗೋಡೆ ನಯವಾಗಿಯೇ ಕಾಣುತ್ತದೆ. ಪ್ರೊಜೆಕ್ಟರಿನ ಬೆಳಕಾದರೋ ಕತ್ತಲೆ ಕೋಣೆಯಲ್ಲಿ ಒಂದೇ ಮಸೂರದಿಂದ ಹೊರಟು ಬರುತ್ತದೆ. ಮೇಲಾಗಿ ಅದು ಗೋಡೆಯ ಮೇಲೆ ಮೂಡಿಸುವುದು ಬಹಳ ಸಣ್ಣ ಚುಕ್ಕೆಗಳನ್ನು. 100 ಇಂಚಿನ ಚಿತ್ರವೆಂದರೆ ಮೂಲೆಯಿಂದ ಮೂಲೆಗೆ 100 ಇಂಚು ಇರುವ ಚಿತ್ರ. 16ಕ್ಕೆ 9ರ ಪ್ರಮಾಣದಲ್ಲಿ ಅದರ ಅಗಲ ಸುಮಾರು 221 ಸೆಂಟಿಮೀಟರ್, ಎತ್ತರ ಸುಮಾರು 125 ಸೆಂಟಿಮೀಟರ್ ಆಗುತ್ತದೆ. ಆ ಅಗಲವನ್ನು ಪ್ರೊಜೆಕ್ಟರು 1920 ಚುಕ್ಕೆಗಳಾಗಿ ಹಂಚಿದರೆ ಒಂದೊಂದು ಚುಕ್ಕೆಗೆ ಸಿಗುವ ಜಾಗ ಸುಮಾರು 1.15 ಮಿಲಿಮೀಟರ್, 3840 ಚುಕ್ಕೆಗಳ ಯಂತ್ರವಾದರೆ ಅದರ ಅರ್ಧ. ದಪ್ಪ ರೋಲರು ಬಿಟ್ಟುಹೋಗುವ ಕಿತ್ತಳೆ ಸಿಪ್ಪೆಯಂತಹ ಒರಟು ಇದಕ್ಕಿಂತ ದೊಡ್ಡದಾಗಿರಬಲ್ಲುದು; ಆಗ ಚಿತ್ರದ ನವಿರು ಅಂಚುಗಳು ಗೋಡೆಯ ಒರಟಿನಲ್ಲಿ ಕರಗಿಹೋಗುತ್ತವೆ. ಇನ್ನೂ ತೊಂದರೆ ಕೊಡುವುದು ದೊಡ್ಡ ಅಲೆಗಳು. ನಿಂತ ಚಿತ್ರದಲ್ಲಿ ಕಾಣದ ತಗ್ಗು ಕ್ಯಾಮೆರಾ ಪಕ್ಕಕ್ಕೆ ಸರಿಯತೊಡಗಿದ ಕೂಡಲೇ ಕಾಣುತ್ತದೆ, ಏಕೆಂದರೆ ಚಿತ್ರವೆಲ್ಲ ಚಲಿಸುತ್ತಿರುವಾಗ ಗೋಡೆಯ ಕಲೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಒಮ್ಮೆ ಕಂಡದ್ದು ನೋಡುಗನ ಕಣ್ಣಿಗೆ ಮತ್ತೆ ಮರೆಯಾಗುವುದಿಲ್ಲ.

ಆದ್ದರಿಂದ ಪರೀಕ್ಷೆ ಗೋಡೆಯ ಆಯ್ಕೆಯಿಂದಲೇ ಆರಂಭವಾಗಬೇಕು. ಕಾಂಕ್ರೀಟ್ ಕಂಬಗಳ ನಡುವೆ ಇಟ್ಟಿಗೆ ಅಥವಾ ಬ್ಲಾಕ್ ಕಟ್ಟಿದ ಮನೆಗಳಲ್ಲಿ ಕಂಬವೂ ಗೋಡೆಯೂ ಸೇರುವ ಗೆರೆಯಲ್ಲಿ ಗಾರೆ ಬಿರುಕು ಬಿಡುವುದು ಮೇಸ್ತ್ರಿಗಳಿಗೆ ಗೊತ್ತಿರುವ ಸಂಗತಿ. ಆ ಗೆರೆ ಚಿತ್ರದ ಚೌಕಟ್ಟಿನೊಳಗೆ ಬಾರದಂತೆ ಜಾಗ ಹುಡುಕುವುದು ಲೇಸು, ಬಂದೇ ಬರುವುದಾದರೆ ಬಿರುಕನ್ನು ಕೆತ್ತಿ, ಬಲೆಪಟ್ಟಿ ಕೊಟ್ಟು ತುಂಬಿಸಬೇಕು. ವಿದ್ಯುತ್ ಪೈಪು ಹೂಳಲು ಗೋಡೆಯನ್ನು ಕೊರೆದು ಮುಚ್ಚಿದ ಸಾಲುಗಳಲ್ಲಿ ಉಬ್ಬು ಉಳಿದಿರುತ್ತದೆ, ಸ್ವಿಚ್ ಬೋರ್ಡುಗಳ ಸುತ್ತಲಿನ ಗಾರೆಯೂ ಸಾಮಾನ್ಯವಾಗಿ ಮಟ್ಟವಾಗಿರುವುದಿಲ್ಲ. ಬಚ್ಚಲುಮನೆಗೆ ಅಂಟಿದ ಗೋಡೆ, ಮಳೆಯ ಹೊಡೆತಕ್ಕೆ ನೇರವಾಗಿ ಸಿಕ್ಕುವ ಹೊರಗೋಡೆ ಇವೆರಡೂ ಅನುಮಾನಕ್ಕೆ ಅರ್ಹವಾದವು. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಗೋಡೆಯೊಳಗೆ ಸೇರಿದ ನೀರು ಗಾರೆಯ ಲವಣವನ್ನು ಕರಗಿಸಿಕೊಂಡು ಹೊರಬಂದು, ತಾನು ಆರಿಹೋದ ಮೇಲೆ ಆ ಲವಣವನ್ನು ಬಿಳಿ ಹುಡಿಯಾಗಿ ಬಿಟ್ಟುಹೋಗುತ್ತದೆ. ಅದರ ಮೇಲೆ ಎಂತಹ ಬಣ್ಣ ಬಳಿದರೂ ಕೆಲವು ತಿಂಗಳಲ್ಲಿ ಹೊಪ್ಪಳಿಕೆ ಏಳುತ್ತದೆ. ತೇವದ ಮೂಲವನ್ನು ಮೊದಲು ನಿಲ್ಲಿಸಬೇಕು, ಅದು ಆಗದಿದ್ದರೆ ಬೇರೆ ಗೋಡೆ ಹುಡುಕಬೇಕು ಎಂದು ಮನೆಯವರಿಗೆ ಸ್ಪಷ್ಟವಾಗಿ ಹೇಳುವುದು ಮೇಸ್ತ್ರಿಯ ಕರ್ತವ್ಯ. ಹೊಸ ಗಾರೆಯೂ ಪೂರ್ತಿ ಒಣಗಿ ಅದರ ಕ್ಷಾರ ತಗ್ಗುವವರೆಗೆ, ಕನಿಷ್ಠ ನಾಲ್ಕು ವಾರವಾದರೂ, ಕಾಯಬೇಕಾಗುತ್ತದೆ.

ಗೋಡೆ ನಿಶ್ಚಯವಾದ ಮೇಲೆ ಚಿತ್ರ ಬೀಳುವ ಜಾಗವನ್ನು ಗುರುತು ಮಾಡಿ, ಸುತ್ತ ಒಂದು ಅಡಿ ಹೆಚ್ಚಿಗೆ ಹಿಡಿದು, ಆರಡಿಯ ಮಟ್ಟಗೋಲನ್ನು ಅಡ್ಡಲಾಗಿ, ಉದ್ದವಾಗಿ, ಓರೆಯಾಗಿ ಇಟ್ಟು ನೋಡಬೇಕು. ತೂಗುಗುಂಡು ಮತ್ತು ರಸಮಟ್ಟ ಹೇಳುವುದು ಗೋಡೆ ನೆಟ್ಟಗಿದೆಯೇ ಎಂಬುದನ್ನು. ಪರದೆಗೆ ಅದಕ್ಕಿಂತ ಮುಖ್ಯವಾದದ್ದು ಸಮತಲ, ಅಂದರೆ ಮಟ್ಟಗೋಲಿನ ಅಂಚಿಗೂ ಗೋಡೆಗೂ ನಡುವೆ ಎಲ್ಲಿಯೂ ಸಂದು ಕಾಣದಿರುವುದು. ಇಡೀ ಗೋಡೆ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಪ್ರೊಜೆಕ್ಟರನ್ನು ಅದಕ್ಕೆ ಹೊಂದಿಸಿ ಕೂರಿಸಬಹುದು, ಆದರೆ ನಡುವೆ ಇರುವ ಹೊಟ್ಟೆಯನ್ನಾಗಲೀ ತಗ್ಗನ್ನಾಗಲೀ ಹಾಗೆ ಹೊಂದಿಸಿ ಸರಿಪಡಿಸಲಾಗದು. ಆರಡಿ ಉದ್ದಕ್ಕೆ ಎರಡು ಮಿಲಿಮೀಟರಿಗಿಂತ ಹೆಚ್ಚು ಸಂದು ಇರುವ ಕಡೆಗಳಲ್ಲಿ ಪುಟ್ಟಿಯನ್ನೇ ದಪ್ಪವಾಗಿ ಮೆತ್ತುವ ರೂಢಿ ಕೈಬಿಡತಕ್ಕದ್ದು. ಬಿಳಿ ಸಿಮೆಂಟಿನ ಪುಟ್ಟಿ ತೆಳುವಾಗಿ ಎಳೆಯುವುದಕ್ಕೆಂದು ತಯಾರಾದ ಲೇಪವಾದ್ದರಿಂದ ದಪ್ಪವಾದಲ್ಲಿ ಅದು ಒಣಗುತ್ತಾ ಕುಗ್ಗಿ ಬಿರಿಯುತ್ತದೆ. ಅಂತಹ ತಗ್ಗನ್ನು ಹಳೆಯ ಬಣ್ಣ ಕೆರೆದು, ಗಾರೆಯಿಂದ ಅಥವಾ ಜಿಪ್ಸಮ್ ಲೇಪದಿಂದ ತುಂಬಿ, ಒಣಗಿದ ಮೇಲೆಯೇ ಪುಟ್ಟಿಗೆ ಕೈ ಹಾಕಬೇಕು.

ಪುಟ್ಟಿಯ ಹಂತದಲ್ಲಿ ಮೇಸ್ತ್ರಿಯ ಕೈಗಿಂತ ದೊಡ್ಡ ಸಹಾಯಕ ಓರೆ ಬೆಳಕು. ಮೊದಲ ಕೋಟು ಉದ್ದಕ್ಕೂ ಎರಡನೆಯದು ಅಡ್ಡಕ್ಕೂ ಎಳೆದು, ಪೂರ್ತಿ ಒಣಗಲು ಬಿಟ್ಟು, ಕೋಣೆಯ ಕಿಟಕಿಗಳನ್ನು ಮುಚ್ಚಿ, ಒಂದು ಪ್ರಖರವಾದ ಎಲ್ಇಡಿ ದೀಪವನ್ನು ಗೋಡೆಗೆ ಅಂಟಿಕೊಂಡಂತೆ ಪಕ್ಕದಿಂದ ಹಿಡಿದರೆ, ಇಳಿಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ನೆರಳು ಚೆಲ್ಲಿ ಎದ್ದು ಕಾಣುವಂತೆ, ಬ್ಲೇಡಿನ ಗೆರೆ, ಕೋಟುಗಳು ಕೂಡಿದ ಅಂಚು, ಮೊಳೆ ಕಿತ್ತ ಗುಳಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ದೀಪವನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಕೆಳಗಿನಿಂದ ಹಿಡಿಯುವುದು ಅಗತ್ಯ. ಒಂದು ದಿಕ್ಕಿಗೆ ಸಮಾನಾಂತರವಾಗಿರುವ ಗೆರೆ ಆ ದಿಕ್ಕಿನ ಬೆಳಕಿನಲ್ಲಿ ನೆರಳು ಕೊಡುವುದಿಲ್ಲ. ಉಜ್ಜುವುದಕ್ಕೆ ಮೊದಲು ಪುಟ್ಟಿಯ ಮೇಲೆಲ್ಲ ಪೆನ್ಸಿಲಿನಿಂದ ಹಗುರವಾಗಿ ಗೀಚಿ, ಎಮರಿ ಪೇಪರನ್ನು ಮಟ್ಟವಾದ ಮರದ ತುಂಡಿಗೆ ಸುತ್ತಿ ಉಜ್ಜಿದರೆ, ಉಬ್ಬಿದ ಕಡೆ ಗೆರೆಗಳು ಅಳಿಸಿಹೋಗಿ ತಗ್ಗಿದ ಕಡೆ ಉಳಿಯುತ್ತವೆ, ಮುಂದಿನ ಪುಟ್ಟಿ ಎಲ್ಲಿಗೆ ಬೇಕೆಂಬುದನ್ನು ಗೋಡೆಯೇ ತೋರಿಸಿಕೊಡುತ್ತದೆ. ಬರಿಗೈಯಲ್ಲಿ ಹಿಡಿದ ಎಮರಿ ಪೇಪರ್ ತಗ್ಗಿನೊಳಕ್ಕೂ ಇಳಿದು ಅಲೆಯನ್ನು ನಯಗೊಳಿಸುತ್ತದೆಯೇ ಹೊರತು ಅಲೆಯನ್ನು ತೆಗೆಯುವುದಿಲ್ಲ. 120ನೇ ನಂಬರಿನಿಂದ ಆರಂಭಿಸಿ 220 ಅಥವಾ 320ರವರೆಗೆ ಹೋಗಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗೋಡೆ ಆರಿದ ಮೇಲೆ ಪ್ರೈಮರ್ ಬಳಿದು ಮತ್ತೊಮ್ಮೆ ದೀಪ ಹಿಡಿಯಬೇಕು. ಪುಟ್ಟಿಯ ಮಂಕು ಬಿಳುಪಿನಲ್ಲಿ ಅಡಗಿದ್ದ ಕೆಲವು ದೋಷಗಳು ಪ್ರೈಮರಿನ ಸಮನಾದ ಬಿಳುಪಿನ ಮೇಲೆ ಮಾತ್ರ ಕಾಣಿಸಿಕೊಳ್ಳುತ್ತವೆ. ಪ್ರೈಮರನ್ನು ಬಿಟ್ಟರೆ ಪುಟ್ಟಿ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಬಣ್ಣವನ್ನು ಹೀರಿ, ಒಂದೇ ಬಣ್ಣದ ಗೋಡೆಯಲ್ಲೂ ತೇಪೆ ತೇಪೆಯಾಗಿ ಹೊಳಪಿನ ವ್ಯತ್ಯಾಸ ಉಂಟಾಗುತ್ತದೆ.

ಹೊಳಪಿನ ವಿಷಯದಲ್ಲಿ ಮೇಸ್ತ್ರಿಗಳು ತಮ್ಮ ದಿನನಿತ್ಯದ ರೂಢಿಗೆ ವಿರುದ್ಧವಾಗಿ ನಡೆಯಬೇಕಾಗುತ್ತದೆ. ಒರೆಸಿದರೆ ಸ್ವಚ್ಛವಾಗುತ್ತದೆ, ಶ್ರೀಮಂತವಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಮನೆಯವರು ಹೊಳಪಿನ ಎಮಲ್ಷನ್ ಕೇಳುತ್ತಾರೆ. ಪರದೆಗೆ ಅದೇ ಶತ್ರು. ಕನ್ನಡಿಯಂತೆ ಬಂದ ಕೋನಕ್ಕೆ ಸಮನಾದ ಕೋನದಲ್ಲಿ ಬೆಳಕು ಹಿಂದಿರುಗುವುದನ್ನು ಕ್ರಮ ಪ್ರತಿಫಲನವೆಂದೂ, ಬಿದ್ದ ಬೆಳಕು ಎಲ್ಲ ದಿಕ್ಕುಗಳಿಗೆ ಹರಡುವುದನ್ನು ಚದುರಿದ ಪ್ರತಿಫಲನವೆಂದೂ ಕರೆಯುತ್ತಾರೆ. ಯಾವ ಕಡೆಯಿಂದ ನೋಡಿದರೂ ಒಂದೇ ಕಾಂತಿಯಿಂದ ಕಾಣುವ ಆದರ್ಶ ಮೇಲ್ಮೈಯ ನಿಯಮವನ್ನು ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್ 1760ರಲ್ಲಿ ಪ್ರಕಟಿಸಿದ ಬೆಳಕಿನ ಅಳತೆಯ ಗ್ರಂಥದಲ್ಲಿ ವಿವರಿಸಿದ್ದು, ಇಂದಿಗೂ ಅಂತಹ ಮೇಲ್ಮೈಗೆ ಅವನ ಹೆಸರೇ ಇದೆ. ಮಂಕಾದ ಮ್ಯಾಟ್ ಎಮಲ್ಷನ್ ಆ ಆದರ್ಶಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಹೊಳಪಿನ ಬಣ್ಣದಲ್ಲಿ ಪ್ರೊಜೆಕ್ಟರಿನ ಮಸೂರದ ಬಿಂಬವೇ ಗೋಡೆಯ ಒಂದು ಕಡೆ ಬೆಳಗಿ, ಚಿತ್ರದ ನಡುವೆ ಉರಿಯುವ ಕಲೆಯಂತೆ ಕಾಣುತ್ತದೆ ಮತ್ತು ನೋಡುಗ ಜಾಗ ಬದಲಿಸಿದಂತೆ ಅದೂ ಸರಿಯುತ್ತದೆ. ಚಿತ್ರ ಹೆಚ್ಚು ಮಿನುಗಲೆಂದು ಬಣ್ಣಕ್ಕೆ ಅಲ್ಯೂಮಿನಿಯಂ ಅಥವಾ ಅಭ್ರಕದ ಪುಡಿ ಬೆರೆಸುವ ಸಲಹೆಗಳಿಂದ ಆಗುವುದೂ ಇದೇ. ಕೈಯಲ್ಲಿ ಕಲಸಿದ ಪುಡಿ ಸಮನಾಗಿ ಹರಡದೆ ಬಿಳಿ ದೃಶ್ಯಗಳಲ್ಲಿ ಕಿಡಿಕಿಡಿಯಾಗಿ ಕಾಣುವುದು ಅದರ ಜೊತೆಗಿನ ನಷ್ಟ. ಡಿಸ್ಟೆಂಪರ್ ಮಂಕಾಗಿರುವುದು ನಿಜವಾದರೂ ಹುಡಿ ಉದುರುವ ಕಾರಣದಿಂದ ಬಾಳಿಕೆ ಬರುವುದಿಲ್ಲ. ಇನ್ನು ಮ್ಯಾಟ್ ಗೋಡೆಯನ್ನು ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದ ಜಾಗ ಹೊಳಪು ಪಡೆದುಬಿಡುತ್ತದೆ ಎಂಬುದನ್ನು ಕೆಲಸ ಒಪ್ಪಿಸುವಾಗ ಮನೆಯವರಿಗೆ ತಿಳಿಸಲೇಬೇಕು.

ಬಿಳಿಯೋ ಬೂದಿಯೋ ಎಂಬ ಪ್ರಶ್ನೆಯಲ್ಲಿ ಗೊಂದಲ ಹೆಚ್ಚು, ಲೆಕ್ಕ ಹಾಕಿದರೆ ಅದು ತಿಳಿಯಾಗುತ್ತದೆ. ಪ್ರೊಜೆಕ್ಟರು ಹೊರಸೂಸುವ ಒಟ್ಟು ಬೆಳಕನ್ನು ಲ್ಯೂಮೆನ್ನುಗಳಲ್ಲಿ ಅಳೆಯುತ್ತಾರೆ, ಪರದೆ ಕಣ್ಣಿಗೆ ಮರಳಿಸುವ ಕಾಂತಿಯನ್ನು ನಿಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಡಿಜಿಟಲ್ ಚಿತ್ರಮಂದಿರಗಳಿಗೆ ನಿಗದಿಯಾಗಿರುವ ಬಿಳುಪಿನ ಕಾಂತಿ 48 ನಿಟ್. 120 ಇಂಚಿನ ಚಿತ್ರದ ವಿಸ್ತೀರ್ಣ ಸುಮಾರು ನಾಲ್ಕು ಚದರ ಮೀಟರ್. ನಿಜವಾಗಿ 1000 ಲ್ಯೂಮೆನ್ ಕೊಡುವ ಯಂತ್ರದ ಬೆಳಕು ಅಷ್ಟು ಜಾಗದ ಮೇಲೆ ಹರಡಿದಾಗ, ಬಿದ್ದ ಬೆಳಕಿನ ಶೇಕಡಾ 85ನ್ನು ಮರಳಿಸುವ ಬಿಳಿ ಗೋಡೆಯಲ್ಲಿ ಸುಮಾರು 68 ನಿಟ್ಟೂ, ಶೇಕಡಾ 60ನ್ನು ಮರಳಿಸುವ ಬೂದಿ ಗೋಡೆಯಲ್ಲಿ ಸುಮಾರು 48 ನಿಟ್ಟೂ ಸಿಗುತ್ತದೆ. ಎಂದರೆ ಅಂತಹ ಯಂತ್ರಕ್ಕೆ ತಿಳಿಬೂದಿ ಧಾರಾಳವಾಗಿ ಒಪ್ಪುತ್ತದೆ. ಆದರೆ ಸೋವಿ ಯಂತ್ರಗಳ ಪೆಟ್ಟಿಗೆಯ ಮೇಲೆ ಎಷ್ಟೇ ಸಾವಿರ ಬರೆದಿದ್ದರೂ ಆನ್ಸಿ ಎಂಬ ಪ್ರಮಾಣಿತ ಮಾನದಲ್ಲಿ ಅಳೆದರೆ ಕೆಲವೇ ನೂರು ಲ್ಯೂಮೆನ್ ಬರುವುದುಂಟು, 300 ಲ್ಯೂಮೆನ್ನಿನ ಯಂತ್ರ ಅದೇ ಬಿಳಿ ಗೋಡೆಯಲ್ಲೇ 20 ನಿಟ್ಟಷ್ಟನ್ನು ಮಾತ್ರ ಕೊಡುತ್ತದೆ. ಅಂತಹ ಮನೆಯಲ್ಲಿ ಗೋಡೆಯನ್ನು ಬೂದಿ ಮಾಡಿದರೆ ಇರುವ ಬೆಳಕೂ ಹೋಗುತ್ತದೆ, ಆದ್ದರಿಂದ ಅಲ್ಲಿ ಬಿಳಿ ಮ್ಯಾಟ್ ಬಣ್ಣ, ಸಾಧ್ಯವಾದರೆ ಚಿಕ್ಕ ಚಿತ್ರ ಎಂದೇ ಸಲಹೆ ಕೊಡಬೇಕು.

ಬೂದಿ ಗೋಡೆ ಕೋಣೆಯ ದೀಪದ ಬೆಳಕನ್ನು ಹೀರಿ ಚಿತ್ರವನ್ನು ಮಾತ್ರ ಉಳಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಕಿಟಕಿಯಿಂದ ನೇರವಾಗಿ ಬಿದ್ದ ಬೆಳಕನ್ನೂ ಪ್ರೊಜೆಕ್ಟರಿನ ಬೆಳಕನ್ನೂ ಬಣ್ಣ ಒಂದೇ ಪ್ರಮಾಣದಲ್ಲಿ ಕುಗ್ಗಿಸುವುದರಿಂದ ಅವೆರಡರ ನಡುವಿನ ಅನುಪಾತ ಬದಲಾಗುವುದಿಲ್ಲ. ಹೊರಬೆಳಕನ್ನು ನಿಜವಾಗಿ ದೂರವಿಡುವ ಪರದೆಗಳಲ್ಲಿ ದಿಕ್ಕನ್ನು ಗುರುತಿಸುವ ಸೂಕ್ಷ್ಮ ರಚನೆಗಳಿರುತ್ತವೆ, ಸಾದಾ ಮ್ಯಾಟ್ ಲೇಪಕ್ಕೆ ಅಂತಹ ರಚನೆ ಇಲ್ಲ. ಬೂದಿಯಿಂದ ಆಗುವ ನಿಜವಾದ ಲಾಭ ಎರಡು. ಕಪ್ಪು ದೃಶ್ಯದಲ್ಲೂ ಯಂತ್ರದಿಂದ ಸೋರುವ ಅಲ್ಪ ಬೆಳಕು ಇನ್ನಷ್ಟು ತಗ್ಗಿ ಕಪ್ಪು ಕಪ್ಪಾಗಿ ಕಾಣುತ್ತದೆ. ಮತ್ತು ಪರದೆಯಿಂದ ಹೊರಟು ಚಾವಣಿ, ಪಕ್ಕದ ಗೋಡೆಗಳಿಗೆ ಬಡಿದು ಪರದೆಗೇ ಮರಳುವ ಬೆಳಕು ಬೂದಿಯಲ್ಲಿ ಎರಡು ಸಲ ಕಡಿತಕ್ಕೊಳಗಾಗುವುದರಿಂದ ಚಿತ್ರ ಮಸುಕಾಗುವುದು ಕಡಿಮೆಯಾಗುತ್ತದೆ. ಪ್ರೊಜೆಕ್ಟರು ಕಪ್ಪನ್ನು ಚೆಲ್ಲಲಾರದು, ಬೆಳಕು ಬೀಳದ ಗೋಡೆಯೇ ಚಿತ್ರದ ಕಪ್ಪು. ಮನೆಯ ದೀಪದಿಂದ 100 ಲಕ್ಸ್ (ಚದರ ಮೀಟರಿಗೆ 100 ಲ್ಯೂಮೆನ್) ಬೆಳಕು ಬಿದ್ದ ಬಿಳಿ ಗೋಡೆ ತಾನೇ 27 ನಿಟ್ಟಿನಷ್ಟು ಬೆಳಗುತ್ತದೆ, ಮೇಲೆ ಹೇಳಿದ 300 ಲ್ಯೂಮೆನ್ನಿನ ಯಂತ್ರ ಕೊಡುವ ಬಿಳುಪಿಗಿಂತಲೂ ಅದು ಹೆಚ್ಚು. ದಪ್ಪ ಪರದೆ ಇಳಿಬಿಟ್ಟ ಕಿಟಕಿ ಮಾಡುವ ಉಪಕಾರವನ್ನು ಯಾವ ಬಣ್ಣವೂ ಮಾಡದು.

ಬೂದಿಯೇ ಆಗಬೇಕೆಂದಾದರೆ ಅದು ಯಾವ ಬಣ್ಣದ ಕಡೆಗೂ ವಾಲದ ಶುದ್ಧ ಬೂದಿಯಾಗಿರಬೇಕು. ಬಿಳಿ ಎಮಲ್ಷನ್ನಿಗೆ ಕಪ್ಪು ಸ್ಟೈನರ್ ಮಾತ್ರ ಬೆರೆಸಿದರೆ ಬರುವ ಬೂದಿ ಬಹಳ ಸಲ ನೀಲಿ ಛಾಯೆ ಪಡೆಯುತ್ತದೆ, ಅದನ್ನು ತಿದ್ದಲು ಹಳದಿ ಆಕ್ಸೈಡ್ ಮತ್ತು ಕೆಂಪು ಆಕ್ಸೈಡ್ ಸ್ಟೈನರುಗಳ ಕೆಲವು ಹನಿಗಳು ಬೇಕಾಗುತ್ತವೆ. ಸುಣ್ಣ ಬಳಿಯುವಾಗ ಬಿಳುಪು ಹೆಚ್ಚಲೆಂದು ನೀಲಿ ಬೆರೆಸುವ ಹಿರಿಯರ ಪದ್ಧತಿ ಹಬ್ಬದ ಮನೆಗೆ ಒಪ್ಪುತ್ತದೆ, ಪರದೆಗೆ ಒಪ್ಪುವುದಿಲ್ಲ. ಪಾತ್ರಗಳ ಮೈಬಣ್ಣ ಮೊದಲು ಕೆಡುವುದು ಆ ನೀಲಿಯಿಂದಲೇ. ಅಂಗಡಿಯ ಯಂತ್ರದಲ್ಲಿ ಛಾಯೆ ಕೂಡಿಸಿ ತರುವುದು ಹೆಚ್ಚು ಭದ್ರ. ಹೇಗೆ ಮಾಡಿದರೂ ಎರಡು ಕೋಟಿಗೂ ಮುಂದಿನ ತೇಪೆಗೂ ಬೇಕಾಗುವಷ್ಟನ್ನು ಒಂದೇ ಬಕೆಟ್ಟಿನಲ್ಲಿ ಕಲಸಿಡಬೇಕು. ಎಮಲ್ಷನ್ ಒಣಗಿದ ಮೇಲೆ ಸ್ವಲ್ಪ ಗಾಢವಾಗುವುದರಿಂದ, ಎರಡು ಮೂರು ಛಾಯೆಗಳನ್ನು ದಪ್ಪ ರಟ್ಟುಗಳ ಮೇಲೆ ಬಳಿದು ಒಣಗಿಸಿ, ರಾತ್ರಿ ಅದೇ ಯಂತ್ರದ ಚಿತ್ರವನ್ನು ಅವುಗಳ ಮೇಲೆ ಬೀಳಿಸಿ, ಮನೆಯವರ ಕಣ್ಣೆದುರೇ ಆಯ್ಕೆ ಮಾಡುವುದು ನ್ಯಾಯವಾದ ಕ್ರಮ.

ಬಳಿಯುವ ಕೆಲಸ ಇದೆಲ್ಲಕ್ಕಿಂತ ಚಿಕ್ಕದು. ಗಿಡ್ಡ ಕೂದಲಿನ ರೋಲರ್, ಡಬ್ಬಿಯ ಮೇಲೆ ಹೇಳಿದಷ್ಟೇ ನೀರು, ಫ್ಯಾನ್ ನಿಲ್ಲಿಸಿದ ಕೋಣೆ ಇವಿಷ್ಟಿದ್ದು, ಒಂದು ಅಂಚಿನಿಂದ ಹೊರಟು ಹಿಂದಿನ ಪಟ್ಟಿ ಹಸಿಯಾಗಿರುವಾಗಲೇ ಮುಂದಿನ ಪಟ್ಟಿಯನ್ನು ಅದಕ್ಕೆ ಕೂಡಿಸುತ್ತಾ, ನಡುವೆ ಎಲ್ಲೂ ನಿಲ್ಲದೆ ಇನ್ನೊಂದು ಅಂಚಿಗೆ ಮುಟ್ಟಿದರೆ ಸಾಕು. ಅರ್ಧ ಒಣಗಿದ ಜಾಗಕ್ಕೆ ಮರಳಿ ರೋಲರ್ ಆಡಿಸಿದ ಗುರುತು ಪರದೆಯ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಚಿತ್ರದ ಸುತ್ತ ಮೂರು ನಾಲ್ಕು ಇಂಚಿನ ಮಂಕು ಕಪ್ಪು ಅಂಚು ಬಳಿದರೆ ಅಥವಾ ಕಪ್ಪು ಮಖಮಲ್ಲಿನ ಪಟ್ಟಿ ಅಂಟಿಸಿದರೆ, ಚೌಕಟ್ಟಿನಿಂದ ಹೊರಗೆ ಚೆಲ್ಲುವ ಬೆಳಕನ್ನು ಅದು ನುಂಗಿಕೊಂಡು ಚಿತ್ರಕ್ಕೆ ಗಡಿ ಕೊಡುತ್ತದೆ.

ಒಂದು ಬಗೆಯ ಯಂತ್ರಕ್ಕೆ ಮಾತ್ರ ಮೇಸ್ತ್ರಿಗಳು ಗೋಡೆಯ ಭರವಸೆ ಕೊಡದಿರುವುದೇ ಒಳಿತು. ಗೋಡೆಯ ಬುಡದಲ್ಲೇ ಕುಳಿತು ಮೇಲಕ್ಕೆ ಓರೆಯಾಗಿ ಚಿತ್ರ ಚೆಲ್ಲುವ ಅತಿ ಸಮೀಪದ ಪ್ರೊಜೆಕ್ಟರುಗಳಲ್ಲಿ, ಮಸೂರ ಗೋಡೆಯಿಂದ 30 ಸೆಂಟಿಮೀಟರ್ ದೂರದಲ್ಲಿದ್ದು ಚಿತ್ರದ ಮೇಲಂಚು ಅದಕ್ಕಿಂತ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಅಲ್ಲಿಯ ಒಂದು ಮಿಲಿಮೀಟರ್ ಉಬ್ಬು ಚಿತ್ರವನ್ನು ಐದು ಮಿಲಿಮೀಟರಿನಷ್ಟು ಜರುಗಿಸುತ್ತದೆ, ನೇರ ಗೆರೆಗಳೆಲ್ಲ ಹಾವಿನಂತೆ ಬಳುಕುತ್ತವೆ. ದೋಷ ಹುಡುಕಲು ಹಿಡಿದ ಓರೆ ದೀಪದ ಕೆಲಸವನ್ನು ಆ ಯಂತ್ರ ಪ್ರತಿ ರಾತ್ರಿಯೂ ಮಾಡುತ್ತದೆ. ಅಂತಹ ಮನೆಗೆ ಬಿಗಿದು ಕಟ್ಟಿದ ತಯಾರಿ ಪರದೆಯೇ ತಕ್ಕದ್ದು.

ಈ ಕೆಲಸದಲ್ಲಿ ಬಣ್ಣಕ್ಕಿಂತ ಉಜ್ಜಾಟ ಹೆಚ್ಚಾದ್ದರಿಂದ ಅದರ ಧೂಳಿನ ಮಾತು ಉಳಿದೆಲ್ಲ ಮಾತಿಗಿಂತ ಗಂಭೀರವಾದದ್ದು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ಹೊರಬಿದ್ದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎಣ್ಣೆಬಣ್ಣ ಗೋಡೆಯ ಮೇಲಿದ್ದರೆ ಅದರಲ್ಲಿ ಸೀಸ ಇರಬಹುದೆಂದೇ ತಿಳಿದು, ಒಣದಾಗಿ ಉಜ್ಜದೆ ನೀರು ಸವರಿ ಒದ್ದೆಯಾಗಿಯೇ ಕೆರೆಯಬೇಕು, ಕೆರೆದದ್ದನ್ನು ಒಟ್ಟುಮಾಡಿ ಕಟ್ಟಿಡಬೇಕು, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಗೆ ಬಿಡಬಾರದು, ಕೆಲಸದ ಬಟ್ಟೆಯಲ್ಲೇ ಕುಳಿತು ಊಟ ಮಾಡಬಾರದು. ಪುಟ್ಟಿಯ ಧೂಳಿಗೂ ಮುಖಕ್ಕೆ ಸುತ್ತಿದ ಟವೆಲ್ ಸಾಲದು, ಮೂಗು ಬಾಯಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಅದರ ಖರ್ಚು ಸಾಮಾನಿನ ಪಟ್ಟಿಯಲ್ಲಿ ಪುಟ್ಟಿ, ಪ್ರೈಮರುಗಳ ಜೊತೆಯಲ್ಲೇ ಬರೆಯತಕ್ಕ ಖರ್ಚು.

120 ಇಂಚಿನ ಚಿತ್ರದ ಜಾಗ ಸುಮಾರು 43 ಚದರ ಅಡಿ, ಅದಕ್ಕೆ ಎರಡು ಕೋಟು ಬಳಿಯಲು ಒಂದು ಲೀಟರ್ ಎಮಲ್ಷನ್ ಸಾಕಾಗುತ್ತದೆ. ಹೀಗಿರುವಾಗ ಚದರಡಿಗೆ ಇಷ್ಟು ಎಂಬ ವಾಡಿಕೆಯ ಲೆಕ್ಕದಲ್ಲಿ ಈ ಕೆಲಸವನ್ನು ಒಪ್ಪಿಕೊಂಡರೆ, ಮಟ್ಟ ನೋಡಿ ಉಜ್ಜಿ ಮತ್ತೆ ಮತ್ತೆ ದೀಪ ಹಿಡಿದು ತಿದ್ದುವ ದಿನಗಳ ಕೂಲಿ ಕೈಬಿಟ್ಟುಹೋಗುತ್ತದೆ, ಕೂಲಿ ಸಿಗದ ಕೆಲಸವನ್ನು ಅವಸರದಲ್ಲಿ ಮುಗಿಸುವ ಒತ್ತಡ ಬೀಳುತ್ತದೆ, ಕೊನೆಗೆ ಕೆಟ್ಟ ಹೆಸರೂ ಮೇಸ್ತ್ರಿಗೇ ಬರುತ್ತದೆ. ಆದ್ದರಿಂದ ಪರದೆಯ ಗೋಡೆಯನ್ನು ಕೇಳಿಕೊಂಡು ಬಂದವರಿಗೆ ತಾವು ಸಿದ್ಧತೆಯ ಕೆಲಸವನ್ನು ದಿನಗೂಲಿಯ ಲೆಕ್ಕದಲ್ಲಿ, ಬಳಿಯುವ ಕೆಲಸದಿಂದ ಬೇರೆಯಾಗಿ ಬರೆದು ಕೊಡಬೇಕು; ಪ್ರೈಮರ್ ಒಣಗಿದ ರಾತ್ರಿ ಅವರನ್ನೂ ನಿಲ್ಲಿಸಿಕೊಂಡು ಓರೆ ದೀಪದಲ್ಲಿ ಗೋಡೆಯನ್ನು ತೋರಿಸಿ, ಅವರು ಒಪ್ಪಿದ ಮೇಲೆಯೇ ಬಣ್ಣದ ಡಬ್ಬಿಯನ್ನು ತೆರೆಯಬೇಕು.